ಎಡ ಬಾಗಿಲಿನ ಒಂದು ಹನಿ ಬಣ್ಣ

ನಮ್ಮ ಭಾವ ವೆಂಡೆಲ್ ಸ್ಟಕಿಗೆ ಕಾರಿನ ವಿಷಯ ಏನೇನೂ ಗೊತ್ತಿಲ್ಲ ಎಂದು ನಾನು ಹೇಳಿದರೆ ಅಕ್ಕ ಮರ್ಲೀನ್ ಮುಖ ದಪ್ಪ ಮಾಡಿಕೊಳ್ಳುತ್ತಾಳೆ. ಗಂಡನನ್ನು ಬಯ್ಯುವ ಹಕ್ಕು ತನಗೊಬ್ಬಳಿಗೇ ಇದೆ ಎಂದು ಅವಳ ಅಭಿಪ್ರಾಯ. ಆದರೂ ಸತ್ಯ ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಮೂವತ್ತೊಂದು ವರ್ಷ ನಮ್ಮ ಬ್ರಿಗಮ್ ಊರಿಗೆ ಅಂಚೆ ಹಂಚಿದ ಮನುಷ್ಯ ಅವನು. ಯಾರ ಮನೆಯಲ್ಲಿ ಯಾವ ನಾಯಿ, ಆ ನಾಯಿಗೆ ಎಡಗಾಲು ಇಷ್ಟವೋ ಬಲಗಾಲು ಇಷ್ಟವೋ ಎಲ್ಲ ಬಾಯಿಪಾಠ. ಸ್ಪ್ಯಾನರನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂಬ ಬಗ್ಗೆ ಮಾತ್ರ ಇವತ್ತಿಗೂ ಅವನಿಗೆ ಅನುಮಾನ.

ಇಂಥವನನ್ನು ಅಕ್ಕ ಹನ್ನೆರಡು ವರ್ಷದ ಹಿಂದೆ ಒಂದು ಶನಿವಾರ, ಮಾಂಸ ಇಡಲು ಒಂದು ದೊಡ್ಡ ಫ್ರೀಜರ್ ತೆಗೆದುಕೊಂಡು ಬಾ ಎಂದು ಪಕ್ಕದೂರಿನ ಹರಾಜಿಗೆ ಕಳಿಸಿದಳು. ಅವನು ಬಾಡಿಗೆ ಟ್ರೈಲರಿನ ಮೇಲೆ ೧೯೭೦ನೇ ಇಸವಿಯ ಹೆಲ್ಡನ್ ರ‍್ಯಾಟ್ಲರ್ ಕಾರೊಂದನ್ನು ಹೇರಿಕೊಂಡು ಬಂದ. ಎರಡೇ ಬಾಗಿಲು, ಮೈಲುದ್ದದ ಮೂತಿ, ಮೂತಿಯೊಳಗೆ ಲಾರಿ ಎಳೆಯುವಂಥ ಇಂಜಿನ್. ಕಿತ್ತಳೆ ಬಣ್ಣ, ಅಂದರೆ ತುಕ್ಕು ಬಿಟ್ಟು ಉಳಿದ ಕಡೆ.

"ಫ್ರೀಜರ್ ಎಲ್ಲಿ?" ಅಂದಳು ಅಕ್ಕ.

"ಮರ್ಲೀನ್, ಈ ಬಣ್ಣದ್ದು ಇಡೀ ಪ್ರಪಂಚಕ್ಕೆ ನಲವತ್ತೊಂದೇ ಮಾಡಿದ್ದು ಕಣೇ!"

"ಫ್ರೀಜರ್ ಎಷ್ಟು ಮಾಡಿದಾರೆ ಅಂತ ಕೇಳ್ಲಿಲ್ಲ ನಾನು. ಎಲ್ಲಿ ಅಂತ ಕೇಳಿದೆ."

ಆ ದಿನದಿಂದ ಕಾರು ಗ್ಯಾರೇಜಿನೊಳಗೆ, ಅಕ್ಕನ ಪುಟ್ಟ ಕಾರು ಹೊರಗೆ. ನಮ್ಮ ಮಿಷಿಗನ್‌ನಲ್ಲಿ ನವೆಂಬರಿನಿಂದ ಏಪ್ರಿಲ್ಲಿನ ತನಕ ಕಾರು ಹೊರಗೆ ನಿಲ್ಲಿಸಿದರೆ ಬೆಳಗ್ಗೆ ಅದನ್ನು ಹುಡುಕಲು ಸಲಿಕೆ ಬೇಕು. ಹನ್ನೆರಡು ಚಳಿಗಾಲ ಅಕ್ಕ ಗಾಜಿನ ಮೇಲಿನ ಮಂಜುಗಡ್ಡೆ ಕೆರೆದಳು. ಆ ಕಿತ್ತಳೆ ಮಹಾರಾಯ ಒಳಗೆ ಹೀಟರ್ ಹಾಕಿಸಿಕೊಂಡು, ಹತ್ತಿಬಟ್ಟೆ ಹೊದ್ದು ಮಲಗಿದ್ದ.

ಅಕ್ಕನ ಬಾಯಿ ಮುಚ್ಚಿಸಲು ಭಾವನ ಹತ್ತಿರ ಇದ್ದದ್ದು ಒಂದೇ ಅಸ್ತ್ರ: ಬೆಲೆ. ಹಳೆ ಕಾರುಗಳ ಬೆಲೆಯ ಪುಸ್ತಕವೊಂದು ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುತ್ತದೆ. ಭಾವ ಅದನ್ನು ಊಟದ ಮೇಜಿನ ಮೇಲೆ ಬೈಬಲ್ಲಿನ ಹಾಗೆ ತೆರೆದಿಟ್ಟುಕೊಂಡು ಓದುತ್ತಿದ್ದ.

"ಮರ್ಲೀನ್, ನಾವು ನಿದ್ದೆ ಮಾಡ್ತಿದ್ದಾಗ ಮೂರು ಸಾವಿರ ಡಾಲರ್ ಏರಿದೆ!"

"ನೀನು ಎದ್ದಿದ್ರೂ ಏರ್ತಿತ್ತು. ಎದ್ದು ಕಸದ ಡಬ್ಬಿ ಆಚೆ ಇಡು."

ಹೊರಗಿನವರಿಗೆ ಇದು ದುಡ್ಡಿನ ಆಸೆಯ ಹಾಗೆ ಕಾಣುತ್ತಿತ್ತು. ನಾನು ಟೈರ್ ಅಂಗಡಿಯವನು, ಇಂಥ ಜನ ನನ್ನಲ್ಲಿಗೆ ದಿನಾ ಬರುತ್ತಾರೆ, ನನಗೆ ಗೊತ್ತು. ಭಾವನಿಗೆ ಆ ಕಾರು ಮಾರುವ ಮನಸ್ಸು ಸುತರಾಂ ಇರಲಿಲ್ಲ. ಅದರ ಮೇಲೆ ಅವನಿಗೆ ಪ್ರಾಣ. ಅರವತ್ತೆಂಟು ವರ್ಷದ ಗಂಡಸು ಹೆಂಡತಿಯ ಮುಂದೆ "ನಂಗೆ ಅದು ಇಷ್ಟ" ಎನ್ನಲಾರ, "ಬೆಲೆ ಏರ್ತಾ ಇದೆ" ಎನ್ನಬಲ್ಲ. ಅಷ್ಟೇ ವಿಷಯ.

ಎರಡು ವರ್ಷ ಹಿಡಿದು ಕಾರನ್ನು ಹೊಸದರಂತೆ ಮಾಡಿದೆವು. ಕೆಳಗೆ ಮಲಗಿ ತುಕ್ಕು ಉಜ್ಜಿದವನು ನಾನು, ಟಾರ್ಚ್ ಹಿಡಿದವನು ಅವನು. ಟಾರ್ಚನ್ನೂ ನನ್ನ ಕಣ್ಣಿಗೇ ಹಿಡಿಯುತ್ತಿದ್ದ. ಆಮೇಲೆ ರ‍್ಯಾಟ್ಲರ್ ಕ್ಲಬ್ಬಿನ ಚಿನ್ನದ ಪತ್ರಕ್ಕೆ ಅರ್ಜಿ ಹಾಕಿದ. ಪ್ರತಿ ಜೂನಿನಲ್ಲಿ ಕೌಂಟಿ ಮೈದಾನದ ಹುಲ್ಲಿನ ಮೇಲೆ ಕಾರುಗಳನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. ಸಾವಿರಕ್ಕೆ ಒಂಬೈನೂರ ಅರವತ್ತು ಅಂಕ ಬಂದರೆ ಚಿನ್ನದ ಪತ್ರ, ಪತ್ರ ಬಂದರೆ ಕಾರಿನ ಬೆಲೆ ಎರಡರಷ್ಟು. ಒಂದು ಕಾರಿಗೆ ಮೂರೇ ಸಲ ಅವಕಾಶ. ಮೂರನೆಯ ಸಲವೂ ಫೇಲಾದರೆ ಆ ಕಾರಿನ ಹಣೆಬರಹ ಮುಗಿಯಿತು.

ಮುಖ್ಯ ಪರೀಕ್ಷಕರು ಥ್ಯಾಡಿಯಸ್ ಪೆಲ್. ನಿವೃತ್ತ ಗಣಿತದ ಮೇಷ್ಟ್ರು. ಬಿಳಿ ಕೈಗವಸು, ಉದ್ದ ಹಿಡಿಯ ಪುಟ್ಟ ಕನ್ನಡಿ, ಬಗಲಲ್ಲಿ ಇಟ್ಟಿಗೆ ಗಾತ್ರದ ನಿಯಮಪುಸ್ತಕ. ನಗು ಅವರಿಗೆ ಸಿಲೆಬಸ್ಸಿನಲ್ಲಿ ಇರಲಿಲ್ಲ.

ಮೊದಲ ವರ್ಷ ಅವರು ಎಡ ಬಾಗಿಲಿನ ಸಂದಿನಲ್ಲಿ ಒಂದು ಅಳತೆಪಟ್ಟಿ ಇಳಿಬಿಟ್ಟು ನಿಟ್ಟುಸಿರುಬಿಟ್ಟರು.

"ಮಿಸ್ಟರ್ ಸ್ಟಕಿ, ಈ ಸಂದು ಮೇಲಿಂದ ಕೆಳಗಿನವರೆಗೂ ಒಂದೇ ಸಮ ಇದೆ."

"ಹೌದು ಸಾರ್! ಅದಕ್ಕೇ ಆರು ತಿಂಗಳು ಹಿಡೀತು," ಅಂದ ಭಾವ ಎದೆಯುಬ್ಬಿಸಿ.

"ಕಾರ್ಖಾನೆಯವರು ಆರು ನಿಮಿಷಾನೂ ತಗೊಂಡಿರಲಿಲ್ಲ. ಅವರು ಮಾಡಿದ ಹಾಗೇ ಮೇಲೆ ಜಾಸ್ತಿ, ಕೆಳಗೆ ಕಮ್ಮಿ ಇರ್ಬೇಕು. ಹನ್ನೆರಡು ಅಂಕ ಹೋಯ್ತು. ಬಣ್ಣ ಕನ್ನಡಿ ಥರ ಹೊಳೀತಿದೆ. ಇಪ್ಪತ್ತು ಹೋಯ್ತು. ಕಾರಿನ ಹೊಟ್ಟೆ ಅಡಿ ಕಾರ್ಖಾನೆಯವರು ತಪಾಸಣೆಗೆ ಹಾಕ್ತಿದ್ದ ಸೀಮೆಸುಣ್ಣದ ಗೀಚು ಒಂದೂ ಇಲ್ಲ. ಹತ್ತು. ಬಾಗಿಲು ಹಾಕಿದ್ರೆ ಸದ್ದೇ ಬರಲ್ಲ..."

"ಅದೂ ತಪ್ಪಾ ಸಾರ್?"

"ಹೆಲ್ಡನ್ ಕಾರಿನ ಬಾಗಿಲು ಒಂದೇ ಸಲಕ್ಕೆ ಮುಚ್ಚಿದ್ದು ನಾನು ಕಂಡಿಲ್ಲ. ಐದು. ನಿಮ್ಮ ಕಾರಿಗಿರೋ ರೋಗ ಒಂದೇ ಮಿಸ್ಟರ್ ಸ್ಟಕಿ, ಅತಿಯಾದ ಒಳ್ಳೆತನ."

ಭಾವ ಇಂಗು ತಿಂದ ಮಂಗನಂತೆ ನಿಂತಿದ್ದ. ಆದರೆ ಸೋಲು ಒಪ್ಪುವವನಲ್ಲ. ಕೆಟ್ಟ ಕೆಲಸ ತಾನೇ ಬೇಕು, ಅದಕ್ಕೆ ಇವನ ಸಹಾಯ ಯಾಕೆ ಎಂದು ನನ್ನನ್ನು ಗ್ಯಾರೇಜಿಗೆ ಸೇರಿಸದೆ ಒಂದು ವರ್ಷ ಒಬ್ಬನೇ ಕೂತು ಕಾರನ್ನು ಕೆಡಿಸಿದ. ಹನ್ನೊಂದು ಕಡೆ ಬಣ್ಣ ಸೋರಿಸಿದ. ಸೀಮೆಸುಣ್ಣದ ಒಂದು ಡಬ್ಬಿ ಪೂರ್ತಿ ಖಾಲಿ ಮಾಡಿದ. ಬಾಗಿಲು ಈಗ ಮುಚ್ಚುತ್ತಲೇ ಇರಲಿಲ್ಲ, ಹಗ್ಗ ಕಟ್ಟಿಕೊಂಡು ಮೈದಾನಕ್ಕೆ ಹೋದ.

ಪೆಲ್ ಮೇಷ್ಟ್ರು ಕಾರಿಗೆ ಎರಡು ಸುತ್ತು ಹಾಕಿ ಕೈಗವಸು ಕಳಚಿದರು. "ಮಿಸ್ಟರ್ ಸ್ಟಕಿ, ಹೆಲ್ಡನ್ ಕಂಪನಿಯವರು ಅಜಾಗರೂಕರಾಗಿದ್ರು, ಒಪ್ತೀನಿ. ಕುಡಿದಿರಲಿಲ್ಲ."

"ನೀವೇ ಹೇಳಿದ್ರಲ್ಲ ಸಾರ್, ತಪ್ಪಿರ್ಬೇಕು ಅಂತ!"

"ತಪ್ಪನ್ನ ತಪ್ಪಿಲ್ಲದೆ ಮಾಡ್ಬೇಕು," ಎಂದು ಅವರು ನಿಯಮಪುಸ್ತಕ ತೆರೆದು ಇನ್ನೂರ ಹನ್ನೆರಡನೆಯ ಪುಟ ತೋರಿಸಿದರು. ಅಲ್ಲಿ ಅಂಚೆಚೀಟಿಯಷ್ಟು ದೊಡ್ಡ ಫೋಟೋ ಒಂದಿತ್ತು. ಅದರ ಕೆಳಗೆ ಹೀಗೆ ಬರೆದಿತ್ತು: ಎಡ ಬಾಗಿಲು, ಕೆಳಗಡೆ ಹಿಂದಿನ ಮೂಲೆ. ಒಂದು ಹನಿ ಬಣ್ಣ ಇಳಿದಿರತಕ್ಕದ್ದು. ಉದ್ದ ಹೆಬ್ಬೆರಳ ಉಗುರಿನಷ್ಟು. ತುಸು ಹಿಂದಕ್ಕೆ ವಾಲಿರತಕ್ಕದ್ದು. ೧೯೬೯ರ ನವೆಂಬರ್ ಮೂರರಿಂದ ೧೯೭೦ರ ಮಾರ್ಚ್ ಹದಿಮೂರರವರೆಗೆ ಎರಡನೆಯ ಪಾಳಿಯಲ್ಲಿ ತಯಾರಾದ ಕಿತ್ತಳೆ ಕಾರುಗಳಿಗೆ ಮಾತ್ರ ಅನ್ವಯ. ಕಾರಣ, ಕೆಲಸಗಾರನ ಅಜಾಗ್ರತೆ. ಅಂಕ ನಲವತ್ತು.

ಭಾವನ ಕಾರು ಫೆಬ್ರವರಿ ಹನ್ನೊಂದರದ್ದು. ಎರಡನೆಯ ಪಾಳಿ. ಹಳೆ ಬಣ್ಣದ ಜೊತೆ ಆ ಹನಿಯನ್ನೂ ನಾವೇ ಕೆರೆದು ಹಾಕಿದ್ದೆವು.

ಮನೆಗೆ ಬಂದ ಮೇಲೆ ಅಕ್ಕ ಸೊಂಟಕ್ಕೆ ಕೈಯಿಟ್ಟು ತೀರ್ಪು ಕೊಟ್ಟಳು. "ಮುಂದಿನ ಜೂನಿಗೆ ಚಿನ್ನದ ಪತ್ರ ಗೋಡೆ ಮೇಲಿರ್ಬೇಕು. ಇಲ್ಲಾಂದ್ರೆ ಅವತ್ತೇ ಕಾರು ಡಾಕ್ಟರ್ ಹ್ಯಾವರ್ಟಿ ಹತ್ರ ಹೋಗ್ತದೆ, ನನ್ನ ಕಾರು ಒಳಗೆ ಬರ್ತದೆ. ನನ್ನ ಮೂಗಿಗೂ ಅರವತ್ತೈದು ವರ್ಷ ಆಯ್ತು ವೆಂಡೆಲ್, ಈ ಸಲದ್ದು ಬಿಟ್ರೆ ಅದು ಇನ್ನೊಂದು ಚಳಿ ತಡ್ಯಲ್ಲ."

ಹ್ಯಾವರ್ಟಿ ನಮ್ಮೂರ ಹಲ್ಲಿನ ಡಾಕ್ಟರು. ಹನ್ನೊಂದು ರ‍್ಯಾಟ್ಲರ್ ಇಟ್ಟಿದ್ದಾನೆ. ಒಂದನ್ನೂ ಓಡಿಸುವುದಿಲ್ಲ, ಮುಟ್ಟಗೊಡುವುದಿಲ್ಲ; ವಾರಕ್ಕೊಮ್ಮೆ ಬೆಲೆಯ ಪುಸ್ತಕ ನೋಡಿ ಸಾಲಾಗಿ ನಿಂತ ಅವುಗಳಿಗೆ ತಲೆಯಾಡಿಸಿ ಬರುತ್ತಾನೆ ಅಷ್ಟೆ. ತನ್ನ ಕಾರು ಅಲ್ಲಿ ಹನ್ನೆರಡನೆಯದಾಗಿ ಮಲಗುವುದನ್ನು ನೆನೆದು ಭಾವನಿಗೆ ಊಟ ಸೇರಲಿಲ್ಲ.

ಮಾರನೆಯ ದಿನ ನನ್ನ ಅಂಗಡಿಗೆ ಓಡೋಡಿ ಬಂದ. "ಡ್ವೇನ್! ಹೊಳೀತು ಕಣೋ! ಆ ಹನಿ ಸೋರಿಸಿದೋನು ಬದುಕಿದ್ರೆ?"

"ಬದುಕಿದ್ರೆ?"

"ಹಿಡ್ಕೊಂಡು ಬಂದು ಅವನ ಕೈಲೇ ಸೋರಿಸೋದು! ಹೆಲ್ಡನ್ ಪಿಂಚಣಿ ಲಕೋಟೆ ನೀಲಿ ಬಣ್ಣದ್ದು. ತಿಂಗಳಿಗೊಂದು ಸಿಕಮೋರ್ ಬೀದಿ ಹದಿನೆಂಟನೇ ನಂಬರಿಗೆ ನಾನೇ ಹಾಕ್ತಿದ್ದೆ. ಓಟಿಸ್ ಬ್ರ್ಯಾಂಬ್ಲೆಟ್. ಬಣ್ಣದ ವಿಭಾಗ!"

ಕಾರ್ಖಾನೆ ಇದ್ದದ್ದು ನಮ್ಮೂರಲ್ಲೇ. ಮುಚ್ಚಿ ಮೂವತ್ತು ವರ್ಷವಾಯಿತು, ಈಗ ಅಲ್ಲಿ ಜನ ಹಳೆ ಸೋಫಾ ಇಡಲು ಬಾಡಿಗೆ ಕೋಣೆಗಳಿವೆ. ಅಲ್ಲಿ ದುಡಿದವರು ಮಾತ್ರ ಊರ ತುಂಬ ಇದ್ದಾರೆ.

ಅಕ್ಕ ಮಾಡಿದ ಚೆರ್ರಿ ಪೈ ಹಿಡಿದು ಹೋದೆವು. ಓಟಿಸ್‌ಗೆ ಎಂಬತ್ತಮೂರು, ನೆಟ್ಟಗೆ ಬೇಲಿಗೂಟದ ಹಾಗಿದ್ದ. ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೂ ಗುಂಡಿ. ಅವನ ಹೆಂಡತಿ ಯೂಲಾ ಗುಂಡಗೆ ನಗುನಗುತ್ತ ಬಂದು ಪೈ ಇಸಿದುಕೊಂಡು ಕಾಫಿ ತಂದಿಟ್ಟಳು. ಮನೆಯ ಗೋಡೆ, ಬಾಗಿಲು, ಬೇಲಿ, ಅಂಚೆಪೆಟ್ಟಿಗೆ ಎಲ್ಲಕ್ಕೂ ಎಂಥ ನುಣುಪು ಬಣ್ಣವೆಂದರೆ ಒರಗಲು ಭಯವಾಗುತ್ತಿತ್ತು. ಆಗಲೇ ನಾನು ಅನುಮಾನ ಪಡಬೇಕಿತ್ತು.

ಭಾವ ಗಂಟಲು ಸರಿಮಾಡಿಕೊಂಡ. "ಓಟಿಸ್ ಅವ್ರೇ, ನಾವು ನಿಮ್ಮ ತಪ್ಪು ಕಲಿಯೋಕೆ ಬಂದಿದೀವಿ."

"ಯಾವ ತಪ್ಪು?"

"ಎಡ ಬಾಗಿಲು. ಎರಡನೇ ಪಾಳಿ. ಅಲ್ಲಿ ಬಣ್ಣ ಹೊಡೀತಿದ್ದೋರು ಯಾರು?"

"ನಾನೇ."

"ಸಿಕ್ಕಿದ್ರು! ಡ್ವೇನ್, ಸಿಕ್ಕಿದ್ರು ಕಣೋ!" ಭಾವ ಎದ್ದು ಅವನ ಕೈ ಹಿಡಿದು ಪಂಪು ಹೊಡೆದಂತೆ ಕುಲುಕಿದ. "ನೀವು ಸೋರಿಸ್ತಿದ್ರಲ್ಲ ಸಾರ್, ಆ ಹನಿ, ಅದೊಂದು ನಮ್ಗೂ ಸೋರಿಸ್ಕೊಡ್ಬೇಕು!"

ಓಟಿಸ್ ಮೆಲ್ಲಗೆ ಕೈ ಬಿಡಿಸಿಕೊಂಡ. "ಇಪ್ಪತ್ತೇಳು ವರ್ಷ ಬಣ್ಣದ ಗನ್ ಹಿಡಿದಿದೀನಿ. ನನ್ನ ಕೈಯಿಂದ ಒಂದು ಹನಿ ಸೋರಿಲ್ಲ."

"ಇಲ್ಲ ಸಾರ್, ಸೋರಿದೆ. ಫೋಟೋ ಇದೆ."

ಭಾವ ಪುಸ್ತಕ ತೆರೆದು ತೋರಿಸಿಯೇಬಿಟ್ಟ. ಓಟಿಸ್ ಭೂತಗನ್ನಡಿ ತರಿಸಿ ಓದಿದ. "ಕೆಲಸಗಾರನ ಅಜಾಗ್ರತೆ" ಎಂಬಲ್ಲಿಗೆ ಬರುತ್ತಲೇ ಕಿವಿ ಕೆಂಪಾಯಿತು, ಪಿತ್ತ ನೆತ್ತಿಗೇರಿತು.

"ಎಷ್ಟು ಜನರ ಹತ್ರ ಇದೆ ಈ ಪುಸ್ತಕ?"

"ಪ್ರಪಂಚದಲ್ಲೆಲ್ಲಾ ಇದೆ ಸಾರ್! ಸ್ವೀಡನ್‌ನಲ್ಲೂ ನಿಮ್ಮ ತಪ್ಪು ಫೇಮಸ್!"

ಮುಂದಿನ ಕ್ಷಣದಲ್ಲಿ ನಾವಿಬ್ಬರೂ ಬೇಲಿಯ ಹೊರಗಿದ್ದೆವು. ಭಾವನ ಟೋಪಿ ಹಿಂದಿನಿಂದ ಹಾರಿ ಬಂತು. ಪೈ ಬರಲಿಲ್ಲ, ಅದನ್ನು ಯೂಲಾ ಆಗಲೇ ಕತ್ತರಿಸಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಪೈ ನಷ್ಟವಾದ ಕಥೆಯಾಗುತ್ತಿತ್ತು. ಆದರೆ ಗುರುವಾರ ಬೆಳಗ್ಗೆ ಕಾರ್ಮಿಕ ಸಂಘದ ಹಾಲಿನಲ್ಲಿ ನಿವೃತ್ತರ ತಿಂಡಿಕೂಟ ಇರುತ್ತದೆ. ಓಟಿಸ್ ಅಲ್ಲಿ ಎದ್ದು ನಿಂತು, ಯಾರೋ ಪುಸ್ತಕ ಬರೆದು ತನ್ನ ಮಾನ ಕಳೆದಿದ್ದಾರೆ ಎಂದ. ಅರವತ್ತು ಮುದುಕರು ಚಮಚ ಕೆಳಗಿಟ್ಟರು. ಕಾರ್ಖಾನೆ ಮುಚ್ಚಿದ ಮೇಲೆ ಅವರಿಗೆ ಒಟ್ಟಾಗಿ ಸಿಟ್ಟು ಮಾಡಿಕೊಳ್ಳುವ ಅವಕಾಶವೇ ಸಿಕ್ಕಿರಲಿಲ್ಲ, ಪಾಪ. ಇನ್ನೂರ ಹನ್ನೆರಡನೆಯ ಪುಟವನ್ನು ಹರಿದು ಹಾಕತಕ್ಕದ್ದು ಎಂದು ಸರ್ವಾನುಮತದಿಂದ ನಿರ್ಣಯವಾಯಿತು.

ಊರು ಎರಡು ಭಾಗವಾಯಿತು ಎನ್ನಲಾರೆ. ಊರೆಲ್ಲ ಒಂದು ಭಾಗ, ನಮ್ಮ ಭಾವ ಇನ್ನೊಂದು ಭಾಗ. ಹೋಟೆಲಿನ ಗ್ಲ್ಯಾಡಿಸ್ ಅವನಿಗೆ ತಣ್ಣಗಿನ ಕಾಫಿ ಕೊಟ್ಟು, "ನಮ್ಮಪ್ಪನೂ ಅಲ್ಲೇ ಮೂವತ್ತು ವರ್ಷ ದುಡಿದ. ಅವನ ತಪ್ಪೇನಾದ್ರೂ ಬೇಕಿದ್ರೆ ಹೇಳು, ಹುಡುಕಿಕೊಡ್ತೀನಿ" ಅಂದಳು. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಸುಳ್ಳುಸಾಕ್ಷಿ ಹೇಳುವ ಪಾಪದ ಮೇಲೆ ಮುಕ್ಕಾಲು ಗಂಟೆ ಉಪದೇಶ ಮಾಡಿದರು, ಕಣ್ಣೆಲ್ಲ ಮೂರನೆಯ ಬೆಂಚಿನ ಮೇಲೆ. ಮೂರನೆಯ ಬೆಂಚಿನಲ್ಲಿ ಇದ್ದವರು ನಾವು.

"ಕ್ಷಮೆ ಕೇಳಿ ಬಾರೋ ಮಾರಾಯ," ಅಂದೆ ನಾನು.

"ಕೇಳಕ್ಕೆ ಹೋಗಿದ್ದೆ. ಬಾಗಿಲಲ್ಲೇ 'ಹನಿ ಸುಳ್ಳು ಅಂತ ಬರ್ಕೊಡು' ಅಂದ. ಹನಿ ಸುಳ್ಳಾದ್ರೆ ನಲವತ್ತು ಅಂಕ ಎಲ್ಲಿಂದ ತರ್ಲಿ? ನನ್ನ ಕಾರು ಆ ಹಲ್ಲು ಕೀಳೋನ ಪಾಲಾಗ್ತದಲ್ಲೋ!" ನನಗೂ ಅಯ್ಯೋ ಅನ್ನಿಸಿತು.

ಜೂನ್ ಬಂತು. ಬಾಗಿಲ ಸಂದನ್ನು ನಾನು ಕಾರ್ಖಾನೆಯ ಅಳತೆಗೆ ಸೊಟ್ಟ ಮಾಡಿಕೊಟ್ಟೆ, ಗೀಚುಗಳು ತಮ್ಮ ತಮ್ಮ ಜಾಗಕ್ಕೆ ಬಂದವು, ಹನ್ನೊಂದು ಸೋರಿಕೆಗಳನ್ನೂ ಕೆರೆದು ತೆಗೆದೆವು. ಎಡ ಬಾಗಿಲಿನ ಕೆಳಮೂಲೆಗೆ ಮಾತ್ರ ಕೊನೆಯ ಒಂದು ಕೈ ಬಣ್ಣ ಹೊಡೆಯದೆ ಹಾಗೇ ಬಿಟ್ಟ ಭಾವ. ಓಟಿಸ್‌ನ ಮನಸ್ಸು ಕರಗಬಹುದೆಂದು ಕಿತ್ತಳೆ ಬಣ್ಣದ ಡಬ್ಬಿಯನ್ನೂ ಗನ್ನನ್ನೂ ಕಂಪ್ರೆಸರನ್ನೂ ನನ್ನ ವ್ಯಾನಿನಲ್ಲಿ ಇಟ್ಟುಕೊಂಡ. ಅಂಥ ಆಸೆಗೆ ಏನು ಹೇಳುವುದು.

ಮೈದಾನದ ಗೇಟಿನಲ್ಲಿ ಅರವತ್ತು ಜನರ ಧರಣಿ. ಸರಾಸರಿ ವಯಸ್ಸು ಎಂಬತ್ತೊಂದು. ಮಡಿಸುವ ಕುರ್ಚಿಗಳು, ಫ್ಲಾಸ್ಕುಗಳು, ಎರಡು ಆಮ್ಲಜನಕದ ಸಿಲಿಂಡರು, ಎಲ್ಲರ ಕೈಯಲ್ಲೂ "ಓಟಿಸ್ ಸೋರಿಸಿಲ್ಲ" ಎಂಬ ಫಲಕ. ಪೊಲೀಸಿನವನು ಬಂದು ನಿಯಮ ಹೇಳಿದ: "ಅಜ್ಜಂದಿರೇ, ನಡೀತಾ ಇದ್ರೆ ತೊಂದ್ರೆ ಇಲ್ಲ. ಒಂದೇ ಕಡೆ ಕೂತ್ರೆ ಪರ್ಮಿಟ್ ಬೇಕಾಗ್ತದೆ."

"ನಡೆಯೋಕಾಗಿದ್ರೆ ಗಾಲ್ಫ್ ಆಡ್ತಿದ್ವಿ ಮಗಾ," ಎಂದು ಮುಂದಿನ ಕುರ್ಚಿಯವನು ಅವನಿಗೂ ಒಂದು ಲೋಟ ಕಾಫಿ ಬಗ್ಗಿಸಿದ. ಪೊಲೀಸಿನವನು ಫಲಕ ಪಕ್ಕಕ್ಕೆ ಸರಿಸಿ ಕೂತು ಕುಡಿದ.

ಪೆಲ್ ಮೇಷ್ಟ್ರು ಬೆಳಗಿನಿಂದ ಭಾವನ ಕಾರು ನೋಡಿದರು. ಸಂದು ಸರಿ, ಗೀಚು ಸರಿ, ಬಾಗಿಲು ಮೂರನೆಯ ಸಲಕ್ಕೆ ಮುಚ್ಚಿತು, ಅದೂ ಸರಿ. ಕೊನೆಗೆ ಎಡ ಬಾಗಿಲ ಮುಂದೆ ಮಂಡಿಯೂರಿದರು. "ಇಲ್ಲಿ ಹನಿ ಇಲ್ಲ."

"ಇರೋದೂ ಇಲ್ಲ!" ಎಂಬ ಗರ್ಜನೆ ಬಂತು. ಓಟಿಸ್ ಫಲಕ ಹಿಡಿದು ಹುಲ್ಲು ತುಳಿದುಕೊಂಡು ಬರುತ್ತಿದ್ದ. ಅವನ ಹಿಂದೆ ಯೂಲಾ, ಯೂಲಾಳ ಹಿಂದೆ ಅರವತ್ತು ಜನ ತಮ್ಮ ತಮ್ಮ ಕುರ್ಚಿ ಎಳೆದುಕೊಂಡು. "ಆ ಪುಟ ಹರೀರಿ ಮೇಷ್ಟ್ರೇ! ನಾನು ಸೋರಿಸಿದೆ ಅನ್ನೋಕೆ ಏನು ಸಾಕ್ಷಿ?"

ಪೆಲ್ ಮೇಷ್ಟ್ರಿಗೆ ಬೆದರಿಕೆ ಅರ್ಥವಾಗುವುದಿಲ್ಲ, ಪ್ರಶ್ನೆ ಅರ್ಥವಾಗುತ್ತದೆ. ಚೀಲದಿಂದ ಕಾಗದದ ಕಟ್ಟು ತೆಗೆದರು. "ಆ ಬಣ್ಣದ ಇಪ್ಪತ್ತಾರು ಕಾರು ಉಳಿದಿವೆ. ನಾನೇ ಎಲ್ಲಾ ನೋಡಿದೀನಿ. ನವೆಂಬರ್ ಮೂರಕ್ಕಿಂತ ಮುಂಚಿನ ಒಂದರಲ್ಲೂ ಹನಿ ಇಲ್ಲ. ಆಮೇಲಿಂದ ಎರಡನೇ ಪಾಳೀಲಿ ಆದ, ಹಳೆ ಬಣ್ಣ ಉಳಿದಿರೋ ಎಲ್ಲದರಲ್ಲೂ ಇದೆ. ಮಾರ್ಚ್ ಹದಿಮೂರಾದ ಮೇಲೆ ಮತ್ತೆ ಒಂದರಲ್ಲೂ ಇಲ್ಲ. ಬೇರೆ ಬಣ್ಣದ ಕಾರಿನಲ್ಲಿ ಇಲ್ಲವೇ ಇಲ್ಲ. ನಾಲ್ಕು ತಿಂಗಳು, ಕಿತ್ತಳೆ ಕಾರು ಬಂದಾಗ ಮಾತ್ರ ನಿಮ್ಮ ಕೈ ತಪ್ಪಿದೆ. ಮೂವತ್ತು ವರ್ಷದಿಂದ ಕಾರಣ ಹುಡುಕ್ತಿದೀನಿ, ಸಿಕ್ಕಿಲ್ಲ."

"ಗನ್ನಿನ ದೋಷ ಇರ್ಬೇಕು! ಗಾಳಿ ಒತ್ತಡ..." ಎಂದು ಓಟಿಸ್ ಶುರುಮಾಡಿದ.

"ನವೆಂಬರ್ ಮೂರು ಅಂದ್ರಾ?" ಅಂದಳು ಯೂಲಾ.

ಎಲ್ಲರೂ ತಿರುಗಿದರು. ಅವಳು ಬೆರಳು ಮಡಿಸಿ ಎಣಿಸುತ್ತಿದ್ದಳು. "ಸೋಮವಾರ. ನಾನು ಕಾರ್ಖಾನೆಗೆ ಸೇರಿದ ದಿನ ಅದು."

"ಮಾರ್ಚ್ ಹದಿಮೂರು?" ಅಂದರು ಮೇಷ್ಟ್ರು, ಪೆನ್ನು ತೆಗೆದು.

"ಶುಕ್ರವಾರ. ಅವತ್ತು ಕೆಲಸ ಬಿಟ್ಟೆ. ಶನಿವಾರ ನಮ್ಮ ಮದುವೆ. ಗಂಡ ಹೆಂಡ್ತಿ ಒಂದೇ ಪಾಳೀಲಿ ಇರೋಹಾಗಿರ್ಲಿಲ್ಲ."

"ನಿಮ್ಮ ಕೆಲಸ ಏನಿತ್ತಮ್ಮಾ?"

"ಕಿತ್ತಳೆ ಕಾರಿಗೆ ಬೇರೇನೇ ಸೀಟು, ಕಪ್ಪು ಬಟ್ಟೆ, ಕಿತ್ತಳೆ ಪಟ್ಟೆ. ಆ ಬಟ್ಟೇನ ತಳ್ಳುಗಾಡೀಲಿ ಇಟ್ಕೊಂಡು ತಳ್ಳೋದು. ಒಂದೊಂದು ಕಾರಿಗೆ ಒಂದೊಂದು ಸಲ. ಬಣ್ಣದ ಬೂತಿನ ಕಿಟಕಿ ಮುಂದೇನೇ ದಾರಿ." ಆಮೇಲೆ ತೀರಾ ಮೆಲ್ಲಗೆ ಗಂಡನ ಕಡೆ ತಿರುಗಿದಳು. "ಓಟಿಸ್?"

ಓಟಿಸ್ ಆಕಾಶ ನೋಡಿದ. ಆಕಾಶದಲ್ಲಿ ಏನೂ ಇರಲಿಲ್ಲ. ಅವನ ಕತ್ತು, ಕಿವಿ, ನೆತ್ತಿ ಎಲ್ಲ ಕಾರಿನ ಬಣ್ಣಕ್ಕೇ ತಿರುಗಿದವು.

ಅರವತ್ತು ಮುದುಕರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದೇ ನಕ್ಕದ್ದು. ಒಬ್ಬನಿಗೆ ಸಿಲಿಂಡರಿನ ಗಾಳಿ ಹೆಚ್ಚಿಸಬೇಕಾಯಿತು. "ಬಡ್ಡೀಮಗನೇ, ಸೋರಿಸಿದೀಯಲ್ಲೋ!" ಎಂದು ಎಲ್ಲರೂ ಫಲಕ ತಲೆಕೆಳಗು ಮಾಡಿದರು.

ನಗುವಿನ ನಡುವೆ ನಮ್ಮ ಭಾವ ಅಳುಮೋರೆ ಹಾಕಿಕೊಂಡು ನಿಂತಿದ್ದ. ಅವನ ಬಾಗಿಲಲ್ಲಿ ಹನಿಯಿಲ್ಲ, ಲೆಕ್ಕ ಒಂಬೈನೂರ ಇಪ್ಪತ್ತೆಂಟಕ್ಕೆ ನಿಂತಿತ್ತು, ನಾಲ್ಕು ಗಂಟೆಗೆ ಪರೀಕ್ಷೆ ಮುಗಿಯುತ್ತದೆ, ಹ್ಯಾವರ್ಟಿ ಆಗಲೇ ಖಾಲಿ ಟ್ರೈಲರ್ ತಂದು ಹಿಂದೆ ನಿಲ್ಲಿಸಿಕೊಂಡಿದ್ದ. ಓಟಿಸ್ ಅವನನ್ನು ನೋಡಿದ. ಒಂದು ವರ್ಷ ತಣ್ಣಗಿನ ಕಾಫಿ ಕುಡಿಸಿದ ಸಂಕಟವೋ ಏನೋ, ಅಂಗಿಯ ತೋಳು ಮಡಿಸಿದ.

"ಬಣ್ಣ ಇದೆಯೇನಯ್ಯಾ?"

"ಇದೆ ಸಾರ್! ವ್ಯಾನಲ್ಲಿದೆ ಸಾರ್!"

"ಮೂತಿ ಮೇಲೆತ್ತಿ ನಿಲ್ಸಿ. ನಮ್ಮ ಬೂತಲ್ಲಿ ನೆಲ ಏರು ಇತ್ತು." ಮೇಷ್ಟ್ರ ಕಡೆ ತಿರುಗಿ, "ನಾನೇ ಹೊಡೆದ್ರೆ ನಡೀತದಾ?" ಅಂದ.

ಮೇಷ್ಟ್ರು ಪುಸ್ತಕದ ಮೊದಲಿಂದ ಕೊನೆಯವರೆಗೆ ತಿರುವಿದರು. "ಮೊದಲು ಹೊಡೆದವನೇ ಮತ್ತೆ ಹೊಡೀಬಾರದು ಅಂತ ಎಲ್ಲೂ ಇಲ್ಲ. ಮೂರೂ ನಲವತ್ತಾಗಿದೆ."

ನಾನು ಇಳಿಜಾರಿನ ಹಲಗೆ ಇಟ್ಟೆ, ಕಂಪ್ರೆಸರ್ ಶುರುಮಾಡಿದೆ. ಓಟಿಸ್ ಗನ್ ಹಿಡಿದು ಒಂದು ಸಲ ಕೈ ಬೀಸಿದ. ಬಾಗಿಲ ಮೂಲೆ ಬೆಣ್ಣೆ ಸವರಿದ ಹಾಗೆ ನುಣುಪಾಯಿತು. ಹನಿ ಇಲ್ಲ. ಒರೆಸಿ ಮತ್ತೆ ಹೊಡೆದ. ಇನ್ನೂ ನುಣುಪು.

"ಕೆಟ್ಟದಾಗಿ ಹೊಡೀರಿ ಸಾರ್!" ಭಾವ ಕೈಮುಗಿದ.

"ಹೊಡೀತಿದೀನಯ್ಯಾ! ಬರ್ತಿಲ್ಲ! ಕೈಗೆ ಅಭ್ಯಾಸ ಇಲ್ಲ!"

"ಸೋರಿಸು ಓಟಿಸ್! ಸೋರಿಸು!" ಎಂದು ಅರವತ್ತು ಗಂಟಲು ಕೂಗಿದವು. ಒಂದು ವರ್ಷದಿಂದ ಅದರ ವಿರುದ್ಧ ಹೋರಾಡಿದ ಗಂಟಲುಗಳೇ ಅವು. ಗ್ಲ್ಯಾಡಿಸ್ ಕೂಗಿದಳು, ಪೊಲೀಸಿನವನೂ ಕೂಗಿದ. ಮೂರನೆಯ ಸಲವೂ ಹನಿ ಬೀಳಲಿಲ್ಲ. ಮೇಷ್ಟ್ರು ಗಡಿಯಾರ ನೋಡಿದರು. ಹ್ಯಾವರ್ಟಿ ಟ್ರೈಲರಿನ ಹಗ್ಗ ಬಿಚ್ಚತೊಡಗಿದ.

"ಏಯ್ ಡಾಕ್ಟ್ರೇ, ಹಗ್ಗ ಕೆಳಗಿಡಿ!" ಎಂದು ಸಿಡಿದವಳು ನಮ್ಮ ಅಕ್ಕ. "ಇನ್ನೂ ಆರು ನಿಮಿಷ ಇದೆ!" ಹನ್ನೆರಡು ವರ್ಷ ಮಂಜುಗಡ್ಡೆ ಕೆರೆದವಳ ಬಾಯಿಂದ ಆ ಮಾತು ಕೇಳಿ ಭಾವ ಅವಳನ್ನೇ ನೋಡುತ್ತ ನಿಂತುಬಿಟ್ಟ.

ಆಗ ಯೂಲಾ ಕೈಚೀಲವನ್ನು ಅಕ್ಕನ ಕೈಗೆ ಕೊಟ್ಟಳು. ಸೋಡಾ ಬಾಟಲಿ ತುಂಬಿದ್ದ ಯಾರದೋ ತಳ್ಳುಗಾಡಿಯನ್ನು ಹಿಡಿದುಕೊಂಡಳು. ಒಂದು ಕೈಯಲ್ಲಿ ಕೂದಲು ಸರಿಮಾಡಿಕೊಂಡಳು. "ಹೊಡಿ ಓಟಿಸ್," ಅಂದಳು. ಬಳಿಕ ಎಂಬತ್ತು ವರ್ಷದ ಆ ಹೆಂಗಸು ಗಾಡಿ ತಳ್ಳಿಕೊಂಡು ಕಾರಿನ ಪಕ್ಕದಲ್ಲಿ ಸೊಂಟ ತುಸು ಬಳುಕಿಸುತ್ತ, ಆ ಕಡೆ ಈ ಕಡೆ ನೋಡದೆ, ಆಚೆಯ ಕಾರಿನವರೆಗೆ ನಡೆದು ಹೋದಳು.

ಓಟಿಸ್‌ನ ಕಣ್ಣು ಅವಳ ಹಿಂದೆಯೇ ಹೋಯಿತು. ಕೈ ಮೂಲೆಯಲ್ಲಿ ನಿಂತೇ ಹೋಯಿತು. ಬಣ್ಣ ಮಾತ್ರ ಬರುತ್ತಲೇ ಇತ್ತು.

"ಹನಿ!" ಎಂದು ಭಾವ ಕಿರುಚಿದ.

ಪೆಲ್ ಮೇಷ್ಟ್ರು ಮಂಡಿಯೂರಿ ಅಳೆದರು. ಹೆಬ್ಬೆರಳ ಉಗುರಿನಷ್ಟು ಉದ್ದ, ತುಸು ಹಿಂದಕ್ಕೆ ವಾಲಿದೆ. "ನಲವತ್ತು," ಅಂದರು. "ಒಂಬೈನೂರ ಅರವತ್ತೆಂಟು. ಚಿನ್ನ."

ಭಾವ ಹುಲ್ಲಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತ. ಅಕ್ಕ ಅವನ ಬೆನ್ನು ಸವರುತ್ತ, "ಬೆಲೆ ಎರಡರಷ್ಟಾಯ್ತಲ್ಲ, ಮಾರ್ತೀಯಾ?" ಅಂದಳು.

"ಇಲ್ಲ ಕಣೇ. ನಂಗೆ ಅದು ಇಷ್ಟ," ಅಂದುಬಿಟ್ಟ ಭಾವ.

"ಗೊತ್ತು. ಹನ್ನೆರಡು ವರ್ಷದಿಂದ ಗೊತ್ತು. ಏಳು, ಎಲ್ರೂ ನೋಡ್ತಿದಾರೆ."

ಈ ಹೊತ್ತಿಗೆ ಹ್ಯಾವರ್ಟಿ ಟ್ರೈಲರ್ ಬಿಟ್ಟು ಯೂಲಾಳ ಹಿಂದೆ ಓಡುತ್ತಿದ್ದ. "ಅಮ್ಮಾ, ನನ್ನ ಹತ್ರನೂ ಒಂದು ಕಿತ್ತಳೆ ಬಣ್ಣದ್ದಿದೆ. ಹನಿ ಇಲ್ಲ ಅದಕ್ಕೆ. ಒಂದೇ ಒಂದು ಸಲ ಅದರ ಮುಂದೆ ನಡೀರಮ್ಮಾ!"

"ನಿಮ್ಮದು ಯಾವ ದಿನದ್ದು?" ಅಂದರು ಪೆಲ್ ಮೇಷ್ಟ್ರು.

"ಮಾರ್ಚ್ ಇಪ್ಪತ್ತು."

"ಅದು ಮದುವೆ ಆದ್ಮೇಲಿಂದು ಡಾಕ್ಟ್ರೇ. ಸೋರಂಗಿಲ್ಲ."

ಎಲ್ಲರೂ ಮತ್ತೆ ನಕ್ಕರು. ಯೂಲಾ ಮಾತ್ರ ನಗಲಿಲ್ಲ. ಗಾಡಿ ಬಿಟ್ಟು ಬಂದು ಗಂಡನ ಮುಂದೆ ನಿಂತಳು. "ಐವತ್ತೈದು ವರ್ಷ ಆಯ್ತು. ಒಂದು ದಿನ 'ಚೆನ್ನಾಗಿದೀಯಾ' ಅಂದಿಲ್ಲ ನೀನು. ಸ್ವೀಡನ್‌ನೋರಿಗೆಲ್ಲ ಗೊತ್ತಂತೆ, ನಂಗೊಬ್ಳಿಗೆ ಗೊತ್ತಿಲ್ಲ!"

ಓಟಿಸ್ ಗನ್ನಿನ ಮೂತಿಯನ್ನು ಬಟ್ಟೆಯಿಂದ ಒರೆಸಿದ್ದೇ ಒರೆಸಿದ್ದು.

ಪೆಲ್ ಮೇಷ್ಟ್ರು ಇನ್ನೂರ ಹನ್ನೆರಡನೆಯ ಪುಟವನ್ನು ಹಿಡಿದು ಅವನ ಹತ್ತಿರ ಬಂದರು. ಸಂಘದ ನಿರ್ಣಯ ಅವರಿಗೆ ಅಂಚೆಯಲ್ಲಿ ಬಂದಿತ್ತು, ಮೇಷ್ಟ್ರು ಮರೆಯುವವರಲ್ಲ. "ಮಿಸ್ಟರ್ ಬ್ರ್ಯಾಂಬ್ಲೆಟ್, ಈ ಪುಟ ಹರೀಬೇಕು ಅಂದಿದ್ರಿ. ಹರೀಲಾ?"

ಓಟಿಸ್ ಭೂತಗನ್ನಡಿಯಿಲ್ಲದೆ ಪುಟವನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿದ.

"ಬ್ಯಾಡ, ಇರ್ಲಿ," ಅಂದ. "ಆ 'ಕೆಲಸಗಾರನ ಅಜಾಗ್ರತೆ' ಅಂತಿದೆಯಲ್ಲ, ಅದು ಹೊಡೆದುಹಾಕಿ 'ಯೂಲಾ' ಅಂತ ಬರೀರಿ. ಆಮೇಲೆ ಮೇಷ್ಟ್ರೇ, ಈ ಫೋಟೋ ತೀರಾ ಚಿಕ್ಕದಾಯ್ತು. ಇನ್ನೊಂಚೂರು ದೊಡ್ಡದು ಹಾಕಿ."